ಬೀಗದ ಕೈ ಯಾರ ಹತ್ತಿರ ಇದೆ, ಮಾಸ್ತರರೇ?

ಜೇವರ್ಗಿ ತಾಲ್ಲೂಕಿನ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕರು ಬರೆದಿದ್ದಾರೆ: ‘ಒಂಬತ್ತನೆಯ ತರಗತಿಯವರಿಗೆ ವಾರಕ್ಕೊಂದು ಪೀರಿಯಡ್ ಲೇಖಕಿಯರನ್ನು ಓದಿಸೋಣವೆಂದರೆ ಮುಖ್ಯಗುರುಗಳು ಒಪ್ಪುತ್ತಿಲ್ಲ. ಗಂಡುಹುಡುಗರಿಗೆ ಬೇಸರ, ಪರೀಕ್ಷೆಗೆ ಉಪಯೋಗವಿಲ್ಲ ಎನ್ನುತ್ತಾರೆ. ನನಗೂ ಒಂದು ಅನುಮಾನ. ಒಳ್ಳೆಯ ಸಾಹಿತ್ಯಕ್ಕೆ ಗಂಡು, ಹೆಣ್ಣು ಎಂಬುದುಂಟೆ? ಬೇರೆ ಮಾಡಿ ಓದಿಸಿದರೆ ನಾವೇ ಅವರನ್ನು ಬೇರೆ ಕೂರಿಸಿದಂತೆ ಆಗುವುದಿಲ್ಲವೇ?’

ಮುಖ್ಯಗುರುಗಳ ಸಂಕಟ ಸುಳ್ಳಲ್ಲ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯ ತಳದಲ್ಲಿ ಯಾದಗಿರಿ ಇತ್ತು, 2025ರಲ್ಲಿ ನಮ್ಮ ಕಲಬುರಗಿ. ಕಾರಣ ಕೇಳಿ ನೋಟಿಸು ಬರುವುದು ಅವರಿಗೇ ಹೊರತು ನನಗಲ್ಲ. ಅವರನ್ನು ಇಲ್ಲಿಗೇ ಬಿಡುತ್ತೇನೆ. ನನ್ನ ಜಗಳ ಇರುವುದು ನಿಮ್ಮ ಅನುಮಾನದೊಂದಿಗೆ.

ಸಾಹಿತ್ಯಕ್ಕೆ ಗಂಡು, ಹೆಣ್ಣಿಲ್ಲ ಎಂಬುದು ಕೇಳಲು ಚಂದದ ಮಾತು. ಆದರೆ 1915ರಿಂದ 2024ರವರೆಗೆ ಕನ್ನಡ ಸಾಹಿತ್ಯ ಸಮ್ಮೇಳನಗಳು 87 ಆದವು, ಅಧ್ಯಕ್ಷರಾದ ಮಹಿಳೆಯರು ನಾಲ್ವರೇ. ಮೊದಲನೆಯವರಿಗಾಗಿ 1974ರ ಮಂಡ್ಯದವರೆಗೆ ಕಾಯಬೇಕಾಯಿತು. ಆ ಮೊದಲಿಗರು ಜಯದೇವಿತಾಯಿ ಲಿಗಾಡೆ, ಸೊಲ್ಲಾಪುರದ ಮರಾಠಿಯ ನಡುವೆ ಬೆಳೆದು ಕೊನೆಗೆ ನಮ್ಮ ಬಸವಕಲ್ಯಾಣದಲ್ಲಿ ನೆಲೆ ನಿಂತವರು. ನಾಲ್ಕನೆಯವರು ಸವಳಗಿಯ ಗೀತಾ ನಾಗಭೂಷಣ, 2010ರ ಗದಗ ಸಮ್ಮೇಳನದಲ್ಲಿ. ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವವರೆಗೆ ಕನ್ನಡದ ಒಬ್ಬ ಲೇಖಕಿಗೂ ಅದು ಸಂದಿರಲಿಲ್ಲ. ಆ ಪ್ರಶಸ್ತಿ ಕೊಡುವ ಪದ್ಧತಿ 1955ರಷ್ಟು ಹಳೆಯದು. ನೀವು ಹೇಳುವ ‘ಬೇರೆ ಕೂರಿಸುವ’ ಕೆಲಸ ನಿಮಗಿಂತ ಬಹಳ ಮೊದಲೇ ಆಗಿದೆ, ಮಾಸ್ತರರೇ. ನೀವು ಒಳಗೆ ಕರೆಯಬೇಕಷ್ಟೆ.

ಹೋದ ವರ್ಷ ಮಾರ್ಚ್ 8ಕ್ಕೆ ಆಳಂದದ ಕಡೆಯ ಶಾಲೆಯೊಂದು ನನ್ನನ್ನು ಅತಿಥಿಯಾಗಿ ಕರೆದಿತ್ತು. ಹುಡುಗಿಯರು ರಂಗೋಲಿ ಹಾಕಿದರು, ಹುಡುಗರು ಕುರ್ಚಿ ಹೊತ್ತರು, ನನಗೆ ಶಾಲು ಹೊದಿಸಿದರು. (ಮಹಿಳಾ ದಿನದಂದು ಶಾಲು ಗಂಡಸಿಗೆ!) ಚಹಾ ಕುಡಿಯಲು ಒಳಗೆ ಹೋದರೆ ಗೋಡೆಗೆ ಆನಿಸಿದ ಗಾಜಿನ ಬೀರು. ತ್ರಿವೇಣಿ, ಅನುಪಮಾ ನಿರಂಜನ, ವೈದೇಹಿ ಸಾಲಾಗಿ ಬೆನ್ನು ತೋರಿಸಿ ನಿಂತಿದ್ದರು, ತಲೆಯ ಮೇಲೆ ಬಿಸಿಯೂಟದ ರಿಜಿಸ್ಟರುಗಳ ಹೊರೆ. ತೆಗೆದು ನೋಡಬಹುದೇ ಎಂದೆ. ಬೀಗದ ಕೈ ಗುಮಾಸ್ತರ ಹತ್ತಿರ ಇತ್ತು, ಗುಮಾಸ್ತರು ಬಿಇಒ ಕಚೇರಿಗೆ ಹೋಗಿದ್ದರು.

ಪುಣ್ಯಕ್ಕೆ ನನ್ನ ಚೀಲದಲ್ಲಿ ಗೀತಾ ಅವರ ಕಾದಂಬರಿ ಇತ್ತು. ಭಾಷಣ ಬಿಟ್ಟು ಎರಡು ಪುಟ ಓದಿದೆ. ಅದರಲ್ಲಿ ಜನ ಮಾತನಾಡುವುದು ನಮ್ಮ ಕಲಬುರಗಿಯ ಓಣಿಯ ಮಾತನ್ನೇ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಹೀಗೆ ಬರೆದರೆ ಅಂಕ ಕಡಿಯುವುದಿಲ್ಲವೇ?’ ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವ್ವನ ಮಾತು ಬರೆದಾಗಲೆಲ್ಲ ಕೆಂಪು ಗೀಟು ಹಾಕಿಸಿಕೊಂಡ ಮಗು ಮತ್ತೇನು ಕೇಳೀತು? ‘ಪ್ರಶಸ್ತಿ ಕೊಟ್ಟಿದ್ದಾರಪ್ಪ’ ಎಂದೆ. ಮುಂದಿನ ಪುಟ ಓದಲು ಕೈ ಎತ್ತಿದವರಲ್ಲಿ ಹುಡುಗರೇ ಹೆಚ್ಚು. ಬೇಸರದ ಮಾತನ್ನು ನಿಮ್ಮ ಮುಖ್ಯಗುರುಗಳು ಎಲ್ಲಿಂದ ತಂದರೋ ತಿಳಿಯದು.

ಒಂದು ಕೆಲಸ ಮಾತ್ರ ಮಾಡಬೇಡಿ. ಲೇಖಕಿಯರ ಕಾಲ, ಸ್ಥಳ, ಕೃತಿ ಎಂದು ನೋಟ್ಸ್ ಬರೆಸಬೇಡಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಾನು ಮಾತನಾಡಿಸಿದ ಮಕ್ಕಳೆಲ್ಲ ಪ್ರಶಸ್ತಿಯ ಹೆಸರನ್ನು ಪಟಪಟನೆ ಹೇಳಿದರು. ಕಥೆಯೊಂದನ್ನು ಓದಿದವರು ಒಬ್ಬರೂ ಸಿಗಲಿಲ್ಲ. ಬೇಕಿದ್ದರೆ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನಿಂದ ಶುರು ಮಾಡಿ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚಿಗೆ ಅಕ್ಕಿ ಆಯ್ದು ತಂದರೆ, ಇದನ್ನು ಅಲ್ಲೇ ಸುರಿದು ಬಾ ಎಂದವಳು ಆಕೆ. ರೇಷನ್ ಸಾಲಿನಲ್ಲಿ ನಿಂತು ಬಂದ ಮಕ್ಕಳ ಮುಂದೆ ಇದನ್ನಿಟ್ಟು, ಆಕೆ ಮಾಡಿದ್ದು ಸರಿಯೇ ಎಂದು ಕೇಳಿ. ಗಂಟೆ ಹೊಡೆದರೂ ಜಗಳ ನಿಲ್ಲದಿದ್ದರೆ ನನ್ನನ್ನು ಬೈಯಬೇಡಿ.

ಪುಸ್ತಕಕ್ಕೆ ದುಡ್ಡಿಲ್ಲ ಎನ್ನುವ ಮಾತಿಗೂ ನಾನು ಬಗ್ಗುವುದಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಕಟ್ಟಿದ ರಸೀದಿ ನನ್ನ ಮೇಜಿನ ಮೇಲೇ ಇದೆ. ನನ್ನ ಓಣಿಯ ವಾಚನಾಲಯದಲ್ಲಿ ಮಾತ್ರ ಹೊಸ ಪುಸ್ತಕ ಕಂಡು ವರ್ಷಗಳಾದವು, ಫ್ಯಾನು ಸಹ ತಿರುಗುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ ಪಟಾಕಿ ಹೊಡೆದವರು ನಾವು. ಕಟ್ಟಡ ಕೇಳಿದೆವು, ರಸ್ತೆ ಕೇಳಿದೆವು, ಪುಸ್ತಕ ಕೇಳಲು ಯಾರಿಗೂ ನೆನಪಾಗಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ಅಕ್ಷರ ಗೊತ್ತಿರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಈಗ ನಿಮ್ಮಂಥವರ ತರಗತಿಗಳಲ್ಲಿ ಕುಳಿತಿದ್ದಾರೆ.

ಕೋಪ ಎಲ್ಲಿಂದ ಎಲ್ಲಿಗೋ ಹೋಯಿತು, ಕ್ಷಮಿಸಿ. ನಿಮ್ಮ ಶಾಲೆಯಲ್ಲೂ ಒಂದು ಬೀರು ಇದ್ದೇ ಇರುತ್ತದೆ. ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನು ಮುಂದಿನ ಪತ್ರದಲ್ಲಿ ಬರೆಯಿರಿ.

– ಸಂ.