ಅಡಿಕೆ ಬಲ್ಲವರ ಕೈಗೆ ವರದಿ ಮಾತ್ರವೇಕೆ?

ಪ್ರಶ್ನೆ: ಮೇಷ್ಟ್ರೇ, ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ಅಡಿಕೆ ತೋಟವಿದೆ. ನಾವು ನಾಲ್ವರು ಸೇರಿ ಹಸಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತಿದ್ದೇವೆ. 1 ಎಚ್‌ಪಿ ಮೋಟಾರಿಗೆ 3 ಇಂಚಿನ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ), ರೋಲರಿಗೆ 6 ಇಂಚಿನದು, ಎದುರಿಗೆ ಕದಲದ ಬ್ಲೇಡು. ಹಾಕಿದ ಅಡಿಕೆಯಲ್ಲಿ ಅರ್ಧಕ್ಕರ್ಧ ತುಂಡಾಗುತ್ತಿದೆ. ವೆಲ್ಡಿಂಗ್ ಎಲ್ಲ ಒಬ್ಬನದೇ. ನನಗೆ ‘ನೀನು ವರದಿ ಬರೆ’ ಎಂದಿದ್ದಾರೆ. ಈಗ ಸಿದ್ಧ ಯಂತ್ರ ತಂದು ಬಣ್ಣ ಬಳಿದು ತೋರಿಸೋಣ ಎಂಬ ಮಾತೂ ಎದ್ದಿದೆ. ಉಳಿದಿರುವುದು ಐದು ವಾರ. ಏನು ಮಾಡಲಿ?
– ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಣ್ಣ ಬಳಿಯುವ ಮಾತನ್ನು ಇಂದೇ ಬಿಡಿಸಿ. ನೀವೇ ಮಾಡಿದ ಯಂತ್ರ ಅಡಿಕೆ ತುಂಡು ಮಾಡಿದರೂ ಪರವಾಗಿಲ್ಲ, ಏಕೆ ತುಂಡಾಯಿತೆಂದು ಹೇಳಬಲ್ಲಿರಿ. ಕೊಂಡು ತಂದ ಯಂತ್ರದ ಬಗ್ಗೆ ಪರೀಕ್ಷಕರು ಕೇಳುವ ಎರಡನೆಯ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

ಪತ್ರದಲ್ಲಿ ನನಗೆ ನೋವಾದದ್ದು ಬೇರೆಯೇ. ನಾಲ್ವರಲ್ಲಿ ಅಡಿಕೆಯ ನಡುವೆ ಬೆಳೆದವರು ನೀವು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರ ಕೈಯನ್ನು ಒಮ್ಮೆ ನಿಧಾನವಾಗಿ ನೋಡಿ. ಮೊನೆ ಸಿಪ್ಪೆಯೊಳಗೆ ಇಳಿದೊಡನೆ ಮಣಿಕಟ್ಟು ಹೊರಳುತ್ತದೆ, ಸಿಪ್ಪೆ ಬಾಯಿ ಬಿಡುತ್ತದೆ. ಕತ್ತಿ ಅಲ್ಲಿ ಕತ್ತರಿಸುವುದಿಲ್ಲ, ಮೀಟುತ್ತದೆ. ನಿಮ್ಮ ಯಂತ್ರ ಮೀಟಬೇಕಾದಲ್ಲಿ ಕತ್ತರಿಸುತ್ತಿದೆ. ಇದನ್ನು ಆ ಹುಡುಗರಿಗೆ ತೋರಿಸಬಲ್ಲವರು ನೀವೇ.

ಲೆಕ್ಕಕ್ಕೆ ಬರೋಣ. ಮೋಟಾರು ನಿಮಿಷಕ್ಕೆ 1440 ಸುತ್ತಿನದಾದರೆ ರೋಲರ್ 720 ಸುತ್ತು ಓಡುತ್ತಿದೆ. ರೋಲರಿಗೆ 12 ಇಂಚಿನ ಪುಲ್ಲಿ ಹಾಕಿದರೆ ವೇಗ 360ಕ್ಕೆ ಇಳಿಯುತ್ತದೆ, ತಿರುಚುಬಲ ಸುಮಾರು ಇಮ್ಮಡಿಯಾಗುತ್ತದೆ. ಬೆಲ್ಟಿನ ಉದ್ದವೂ ಬದಲಾಗುತ್ತದೆ, ಅಳೆದೇ ಕೊಳ್ಳಿ. ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೊಡಿ, ದಪ್ಪ ಕಾಯಿ ಬಂದಾಗ ಅದು ಹಿಂದೆ ಸರಿಯಲಿ. ಇದಕ್ಕೂ ಮೊದಲು ನೂರು ಕಾಯಿಯನ್ನು ವರ್ನಿಯರ್‌ನಲ್ಲಿ ಅಳೆದು ಸಣ್ಣ, ಮಧ್ಯಮ, ದಪ್ಪ ಎಂದು ಬೇರ್ಪಡಿಸಿ. ರೋಲರು, ಬ್ಲೇಡಿನ ನಡುವಿನ ಒಂದೇ ಸಂದಿಯಲ್ಲಿ ಎಲ್ಲ ಗಾತ್ರದ ಕಾಯಿ ಸುಲಿಯಬೇಕೆಂಬ ಹಟ ಬೇಡ.

ಇನ್ನು ಗುಂಪಿನ ವಿಷಯ. ನಾನು ಪಾಲಿಟೆಕ್ನಿಕ್ ಓದುವಾಗ ನಾವು ಐವರು ಮೆಣಸು ಬಿಡಿಸುವ ಯಂತ್ರ ಮಾಡಿದೆವು. ಲೇತ್ ಯಂತ್ರದ ಮೇಲೆ ಶಾಫ್ಟನ್ನು, ಅಂದರೆ ತಿರುಗುವ ಕಂಬಿಯನ್ನು, 25 ಮಿಲಿಮೀಟರಿಗೆ ಇಳಿಸಿದವನು ನಾನು. ಅದು ಕೂತು ತಿರುಗುವ ಬೇರಿಂಗ್ ತಂದವನು ಗೆಳೆಯ. ಅಂಗಡಿಯವರು ಕೊಟ್ಟದ್ದು ಒಂದು ಇಂಚು ಒಳವ್ಯಾಸದ್ದು, ಅಂದರೆ 25.4 ಮಿಲಿಮೀಟರು. ‘ಎರಡೂ ಒಂದೇ’ ಎಂದುಕೊಂಡೆವು. ನಡುವಿನ ಸಂದಿಗೆ ತಗಡು ಸುತ್ತಿ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ತಿರುಪು) ಬಿಗಿದೆವು. ಶಾಫ್ಟ್ ಒಂದು ಕಡೆಗೆ ವಾಲಿ ತಿರುಗಿತು, ತಿರುಗಿದಂತೆಲ್ಲ ನಡುಗಿತು, ಪ್ರದರ್ಶನದ ದಿನ ಬೆಲ್ಟ್ ಕಳಚಿ ಬಿತ್ತು. ಆ 0.4 ಮಿಲಿಮೀಟರು ಐವರ ನಡುವೆ ಆಡದೆ ಉಳಿದ ಮಾತು. ನಲವತ್ತು ವರ್ಷವಾದರೂ ನಾನು ಅದನ್ನು ಮರೆತಿಲ್ಲ.

ಆದ್ದರಿಂದ ದೊಡ್ಡ ಹಾಳೆಯೊಂದನ್ನು ವರ್ಕ್‌ಶಾಪಿನ ಗೋಡೆಗೆ ಅಂಟಿಸಿ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸವನ್ನು ಮುಟ್ಟುವ ಅಳತೆಗಳೆಲ್ಲ ಅದರಲ್ಲಿರಲಿ: ಶಾಫ್ಟಿನ ವ್ಯಾಸ, ಬೇರಿಂಗಿನ ಒಳವ್ಯಾಸ, ಎರಡು ಪುಲ್ಲಿಗಳ ನಡುವಿನ ದೂರ, ಮೋಟಾರಿನ ಬೋಲ್ಟ್ ತೂತುಗಳು. ಯಾವುದನ್ನು ಬದಲಿಸಿದರೂ ನಾಲ್ವರೂ ಸಹಿ ಹಾಕಬೇಕು. ವೆಲ್ಡಿಂಗ್ ಬಲ್ಲವನು ನಿಮಗೊಂದು ಟ್ಯಾಕ್ (ಸಣ್ಣ ತಾತ್ಕಾಲಿಕ ಬೆಸುಗೆ) ಹಾಕಲು ಕಲಿಸಲಿ, ವರದಿಯ ಒಂದು ಅಧ್ಯಾಯ ಅವನೇ ಬರೆಯಲಿ. ಒಪ್ಪದಿದ್ದರೆ ಮಾರ್ಗದರ್ಶಕರ ಎದುರಿಗೇ ಕೇಳಿ, ಸಂಕೋಚ ಬೇಡ. ಬೆಲ್ಟಿಗೆ ತಗಡಿನ ಮರೆ ಕಟ್ಟದೆ ಯಾರೂ ಸ್ವಿಚ್ ಒತ್ತಕೂಡದು. ಕೂದಲು, ದುಪಟ್ಟಾ ಬಿಗಿಯಾಗಿರಲಿ.

ನಿಮ್ಮ ಕಿರಿಯರಿಗೆ ಒಂದು ಮಾತು: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇಂಥ ವಿದ್ಯಾರ್ಥಿ ಯೋಜನೆಗಳಿಗೆ ಧನಸಹಾಯ ಕೊಡುತ್ತದೆ, ಕಾಲೇಜಿನ ಮೂಲಕ ಅರ್ಜಿ ಹಾಕಲಿ.

ಪ್ರತಿ ಬದಲಾವಣೆಯ ನಂತರವೂ ನೂರು ಕಾಯಿ ಹಾಕಿ ಇಡಿಯಾಗಿ ಬಂದವೆಷ್ಟು, ತುಂಡಾದವೆಷ್ಟು, ಸಿಪ್ಪೆ ಬಿಡದವೆಷ್ಟು ಎಂದು ಎಣಿಸಿ ಬರೆಯಿರಿ. ಈ ಸಲ ಊರಿನಿಂದ ಬರುವಾಗ ಒಂದು ಚೀಲ ಹಸಿ ಅಡಿಕೆಯ ಜೊತೆ ಮೆಟ್ಟುಗತ್ತಿಯನ್ನೂ ತನ್ನಿ. ಉಳಿದ ಮೂವರೂ ಅದರ ಮುಂದೆ ಕೂತು ಹತ್ತು ಹತ್ತು ಕಾಯಿ ಸುಲಿಯಲಿ, ಆಮೇಲೆ ಬ್ಲೇಡಿಗೆ ಕೈ ಹಾಕಿ.