ವಿವಾದದ ಮಾತಿನ ಬಳಿಕ ಸಮೀಕ್ಷೆಯ ಅಂಕಿ ಇಳಿದು ಮತ್ತೆ ಏರುವುದೇಕೆ?

ಅಭ್ಯರ್ಥಿಯ ವಿವಾದಾತ್ಮಕ ಹೇಳಿಕೆಯ ಬೆನ್ನಲ್ಲೇ ಕಾಣುವ ಕುಸಿತಕ್ಕೆ ಅನೇಕ ಸಲ ಮತದಾರರ ಮನಸ್ಸು ಬದಲಾದದ್ದು ಮುಖ್ಯ ಕಾರಣವಲ್ಲ. ಆ ವಾರ ಸಮೀಕ್ಷೆಗೆ ಉತ್ತರಿಸಲು ಒಪ್ಪಿದವರು ಬದಲಾಗಿರುತ್ತಾರೆ.

ಗಂಗಾವತಿಯ ಒಂದು ಬಡಾವಣೆಯಲ್ಲಿ ಎರಡು ಪಕ್ಷಗಳಿಗೆ ತಲಾ 100 ಬೆಂಬಲಿಗರಿದ್ದು, ಎರಡೂ ಕಡೆಯಿಂದ 50 ಮಂದಿ ಸಮೀಕ್ಷೆಯವರ ಕರೆಗೆ ಉತ್ತರಿಸುತ್ತಾರೆ ಎಂದುಕೊಳ್ಳೋಣ. ಒಬ್ಬ ಅಭ್ಯರ್ಥಿ ಆಡಬಾರದ ಮಾತು ಆಡಿದಾಗ ಅವರ ಬೆಂಬಲಿಗರು ಮುಜುಗರಪಟ್ಟು, 40 ಮಂದಿಯಷ್ಟೇ ಉತ್ತರಿಸಿದರೆ, ಒಂದು ಮತವೂ ಅತ್ತಿತ್ತ ಆಗದೆ ಅವರ ಪಾಲು ಶೇ. 50ರಿಂದ ಸುಮಾರು ಶೇ. 44ಕ್ಕೆ ಇಳಿಯುತ್ತದೆ. ಸುದ್ದಿ ತಣ್ಣಗಾದ ಮೇಲೆ ಆ 10 ಮಂದಿ ಮತ್ತೆ ಬಾಯಿ ಬಿಡುತ್ತಾರೆ, ಅಂಕಿಯೂ ಏರುತ್ತದೆ. 2016ರ ಅಕ್ಟೋಬರ್‌ನಲ್ಲಿ, ಮಹಿಳೆಯರ ಬಗ್ಗೆ ಆಡಿದ್ದ ಹಳೆಯ ಮಾತಿನ ವಿಡಿಯೊ ಬಯಲಾದಾಗ ಸಮೀಕ್ಷೆಗಳಲ್ಲಿ ಇನ್ನಷ್ಟು ಹಿಂದೆ ಬಿದ್ದ ಡೊನಾಲ್ಡ್ ಟ್ರಂಪ್, ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದರು.

ಆದ್ದರಿಂದ ಕಳೆದ ಬಾರಿ ಯಾರಿಗೆ ಮತ ಹಾಕಿದಿರಿ ಎಂದೂ ಕೇಳಿ ಲೆಕ್ಕ ಸರಿದೂಗಿಸುವ, ಅಥವಾ ಅದೇ ಜನರನ್ನು ಮತ್ತೆ ಮತ್ತೆ ಕೇಳುವ ಸಮೀಕ್ಷೆಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಮಾತು ಬದುಕಿಗೇ ತಾಗಿದರೆ ವಿಷಯ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ, ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರದ ಕಡೆ, ನೀರಿನ ಬಗ್ಗೆ ಹಗುರವಾಗಿ ಮಾತನಾಡಿದ ಅಭ್ಯರ್ಥಿಯನ್ನು ಭತ್ತದ ರೈತ ಎರಡು ವಾರದಲ್ಲಿ ಮರೆಯುತ್ತಾನೆಂದು ನನಗನ್ನಿಸುವುದಿಲ್ಲ.