ಎರಡೆರಡು ಕಾಣಿಸಿದರೆ ಕಷಾಯ ಮಾಡುತ್ತಾ ಕೂರಬೇಡಿ

ಪ್ರಶ್ನೆ: ಸುಲಿದ ಹಸಿ ಬೆಳ್ಳುಳ್ಳಿಯನ್ನು ಶೇಂಗಾ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಗೆ ಹಾಕಿ ಕಟ್ಟೆಯ ಮೇಲಿಟ್ಟಿದ್ದೇನೆ. ಹದಿನೈದು ದಿನದಿಂದ ರೊಟ್ಟಿ ಜೊತೆ ತಿನ್ನುತ್ತಿದ್ದೇವೆ. ಇದರಿಂದ ಬೊಟುಲಿಸಂ ಬರುತ್ತದೆ, ಕೈಕಾಲು ಬೀಳುತ್ತವೆ ಅಂತ ಮಗಳು ಹೆದರಿಸುತ್ತಾಳೆ. ಉಪ್ಪಿನಕಾಯಿಯೂ ಎಣ್ಣೆಯಲ್ಲೇ ಇರುತ್ತದೆ, ಅಲ್ವಾ? – ಗೃಹಿಣಿ, ಗದಗ

ಉತ್ತರ: ಮಗಳು ಸುಮ್ನೆ ಹೆದರಿಸುತ್ತಿಲ್ಲ. ಬೊಟುಲಿಸಂ ಅಂದರೆ ಒಂದು ಬ್ಯಾಕ್ಟೀರಿಯಾ ಆಹಾರದಲ್ಲಿ ಬಿಡುವ ವಿಷದಿಂದ ನರಗಳು ಸೋತು ಶಕ್ತಿ ಹೋಗುವ ಕಾಯಿಲೆ. ಬಾಟಲಿಯನ್ನು ಇವತ್ತೇ ಎಸೆಯಿರಿ, ರುಚಿ ನೋಡಲೂ ಹೋಗಬೇಡಿ. ವಾಸನೆ, ಬಣ್ಣ ಸರಿಯಿದ್ದೂ ವಿಷ ಇರಬಹುದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ಹೋಟೆಲ್‌ನಲ್ಲಿ ಜನರಿಗೆ ಈ ಕಾಯಿಲೆ ಬಂದದ್ದು ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ.

ಉಪ್ಪಿನಕಾಯಿಯನ್ನು ಕಾಯುವುದು ಎಣ್ಣೆಯಲ್ಲ, ಹುಳಿ ಮತ್ತು ಉಪ್ಪು. ಬೆಳ್ಳುಳ್ಳಿಗೆ ಮಣ್ಣಿನಿಂದ ಅಂಟಿ ಬರುವ ಈ ಬ್ಯಾಕ್ಟೀರಿಯಾಕ್ಕೆ ಹುಳಿ ಆಗುವುದಿಲ್ಲ, ಗಾಳಿ ಬೇಡ. ಎಣ್ಣೆ ಗಾಳಿಯನ್ನು ತಡೆದು ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ. ಮಾಡಲೇಬೇಕೆಂದರೆ ಸ್ವಲ್ಪ ಮಾಡಿ, ಫ್ರಿಜ್‌ನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ.

ಕೊನೆಯ ಸಲ ತಿಂದ ಮೇಲೆ ಹತ್ತು ದಿನ ಎಲ್ಲರ ಮೇಲೂ ಕಣ್ಣಿಡಿ. ಹೆಚ್ಚಾಗಿ 12ರಿಂದ 36 ಗಂಟೆಯಲ್ಲೇ ಶುರುವಾಗುತ್ತದೆ. ವಾಂತಿ ಇರಬಹುದು, ಆದರೆ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಮೊದಲು ಕೆಡುವುದು ಕಣ್ಣು: ಒಂದು ದೀಪ ಎರಡಾಗಿ ಕಾಣುತ್ತದೆ, ಎರಡೂ ರೆಪ್ಪೆ ಜೋತು ಬೀಳುತ್ತವೆ. ಬಾಯಿ ಒಣಗುತ್ತದೆ, ಮಾತು ತೊದಲುತ್ತದೆ, ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಆಮೇಲೆ ಕುತ್ತಿಗೆ, ತೋಳು, ಕಾಲು, ಹೀಗೆ ಮೇಲಿನಿಂದ ಕೆಳಗೆ ಎರಡೂ ಕಡೆ ಶಕ್ತಿ ಹೋಗುತ್ತದೆ. ಲಕ್ವದಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಬೀಳುತ್ತದೆ. ಇಲ್ಲಿ ಬುದ್ಧಿ ಮಾತ್ರ ಚುರುಕಾಗಿಯೇ ಇರುತ್ತದೆ. ಕಣ್ಣು ಮುಚ್ಚಿದ್ದಾರೆಂದು ನಿದ್ದೆ ಅಂದುಕೊಳ್ಳಬೇಡಿ, ನೀವಾಡುವ ಮಾತೆಲ್ಲ ಅವರಿಗೆ ಕೇಳಿಸುತ್ತಿರುತ್ತದೆ.

ಒಂದೇ ಉಸಿರಿನಲ್ಲಿ ಒಂದು, ಎರಡು ಅಂತ ಎಣಿಸಲು ಹೇಳಿ. ಆಗಲೇ ಇಪ್ಪತ್ತು ದಾಟುತ್ತಿದ್ದವರು ಈಗ ಹತ್ತಕ್ಕೇ ನಿಂತರೆ ಉಸಿರಾಟದ ಸ್ನಾಯು ಸೋಲುತ್ತಿವೆ ಎಂದರ್ಥ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಎರಡೆರಡು ಕಾಣುವಂಥ ಲಕ್ಷಣ ಶುರುವಾದ ಕೂಡಲೇ ನೀರು, ಕಷಾಯ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೇ ಆಂಬುಲೆನ್ಸ್‌ನಲ್ಲಿ ಹೊರಡಿ. ಬಾಟಲಿ ಇನ್ನೂ ಇದ್ದರೆ ಬಿಗಿಯಾಗಿ ಮುಚ್ಚಿ ಜೊತೆಗೆ ಒಯ್ಯಿರಿ.

ಇದಕ್ಕಿರುವ ಮದ್ದು ಆ್ಯಂಟಿಟಾಕ್ಸಿನ್. ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಅದು ಹಿಡಿಯುತ್ತದೆ, ನರದ ತುದಿ ಹೊಕ್ಕದ್ದನ್ನು ಬಿಡಿಸಲಾರದು. ಅದಕ್ಕೇ ವೈದ್ಯರು ಲ್ಯಾಬ್ ವರದಿಗೆ ಕಾಯದೆ, ಅನುಮಾನ ಬಲವಾದರೆ ಕೊಡುತ್ತಾರೆ. ತಡವಾದರೂ ಆಸೆ ಬಿಡಬೇಡಿ. ವಾರಗಟ್ಟಲೆ ಯಂತ್ರದ ಉಸಿರಿನಲ್ಲಿದ್ದು, ತಿಂಗಳುಗಟ್ಟಲೆ ಚೇತರಿಸಿಕೊಂಡು ಎದ್ದು ಓಡಾಡಿದವರಿದ್ದಾರೆ.

ಇನ್ನೊಂದು ಮಾತು. ನಮ್ಮ ಕಡೆ ಬೆಳಿಗ್ಗೆ ಏಳುವಾಗಲೇ ರೆಪ್ಪೆ ಜೋತುಬಿದ್ದಿದ್ದರೆ ನನಗೆ ಮೊದಲು ನೆನಪಾಗುವುದು ಬೆಳ್ಳುಳ್ಳಿಯಲ್ಲ, ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ಗಾಯವೇ ಕಾಣದಿರಬಹುದು. ಹಾಗಾಗಿ ಏನು ತಿಂದರು ಅಂತ ಮಾತ್ರವಲ್ಲ, ರಾತ್ರಿ ಎಲ್ಲಿ ಮಲಗಿದ್ದರು ಅಂತಲೂ ಡಾಕ್ಟರಿಗೆ ಹೇಳಿ.